‘ಲೈನ್’ ಎಂಬ ಒಂದು ಪದ, ನಮ್ಮ ಹಲವು ಪದಗಳು

ಮುಂಬಯಿ ಮಹಾನಗರದಲ್ಲಿ ಇಬ್ಬರು ಕನ್ನಡಿಗರು ಹೊಸದಾಗಿ ಪರಿಚಯವಾದರೆ, ಊರು ಮನೆತನಗಳ ವಿಚಾರಣೆ ಮುಗಿದ ಕೂಡಲೇ ಬರುವ ಪ್ರಶ್ನೆ, ‘ನಿಮ್ಮದು ಯಾವ ಲೈನು?’ ಎಂಬುದು. ಈ ಪ್ರಶ್ನೆಗೆ ಎರಡು ಅರ್ಥಗಳಿವೆ. ಒಬ್ಬರು ‘ಸೆಂಟ್ರಲ್, ಡೊಂಬಿವಲಿ’ ಎನ್ನಬಹುದು. ಇನ್ನೊಬ್ಬರು ‘ಹೋಟೆಲ್ ಲೈನು’ ಎನ್ನಬಹುದು. ಒಂದು ವಾಸದ ವಿಳಾಸ, ಮತ್ತೊಂದು ಅನ್ನದ ದಾರಿ. ಕೇಳಿದವರಿಗೂ ಹೇಳಿದವರಿಗೂ ಗೊಂದಲವಾಗುವುದಿಲ್ಲ. ನಾಲ್ಕೇ ಅಕ್ಷರಗಳ ಇಂಗ್ಲಿಷ್ ಪದವೊಂದು ನಮ್ಮ ಬದುಕಿನೊಳಗೆ ಇಷ್ಟು ಹಗುರವಾಗಿ ಬಂದು ನೆಲೆಸಿದೆ. ಅದು ಬಂದ ದಾರಿಯನ್ನೂ, ಬಂದಾಗ ನಮ್ಮ ಮನೆಯಲ್ಲಿ ಯಾವ ಪದಗಳು ಎದ್ದು ಜಾಗ ಬಿಟ್ಟುಕೊಟ್ಟವು ಎಂಬುದನ್ನೂ ವಿಚಾರಿಸುವುದು ಈ ಬರಹದ ಉದ್ದೇಶ.

‘ಲೈನ್’ ಪದದ ಮೂಲ ಲ್ಯಾಟಿನ್ನಿನ ‘ಲೀನಿಯ’. ಅದು ಹುಟ್ಟಿದ್ದು ‘ಲೀನಮ್’ ಎಂಬುದರಿಂದ. ಲೀನಮ್ ಎಂದರೆ ಅಗಸೆ ಗಿಡ. ಅಗಸೆಯ ನಾರಿನಿಂದ ಹೊಸೆದ ದಾರವೇ ಮೊದಲ ಲೀನಿಯ. ಆ ನಾರಿನಿಂದ ನೇಯ್ದ ಬಟ್ಟೆ ‘ಲಿನನ್’, ಕೋಟಿನ ಒಳಗೆ ಆ ಬಟ್ಟೆಯನ್ನು ಕೊಟ್ಟು ಹೊಲಿದದ್ದು ‘ಲೈನಿಂಗ್’, ಅದೇ ಗಿಡದ ಬೀಜ ‘ಲಿನ್‌ಸೀಡ್’. ಉತ್ತರ ಕರ್ನಾಟಕದವರು ಜೋಳದ ರೊಟ್ಟಿಯೊಡನೆ ಅಗಸೆ ಚಟ್ನಿಪುಡಿ ತಿನ್ನುವಾಗ ಲೋಕಲ್ ರೈಲಿನ ‘ಲೈನ್’ ಎಂಬ ಪದದ ಬೇರನ್ನೇ ನಂಜಿಕೊಳ್ಳುತ್ತಿರುತ್ತಾರೆ. ಬಡಗಿಯೂ ಗಾರೆಯವನೂ ನೇರ ನೋಡಲು ದಾರವನ್ನು ಬಿಗಿಯಾಗಿ ಎಳೆದು ಹಿಡಿಯುತ್ತಾರೆ. ಆ ದಾರದ ಗುರುತು ಗೆರೆಯಾಯಿತು. ಗೆರೆ ಬರಹದ ಸಾಲಾಯಿತು, ಸಾಲು ಸೈನ್ಯದ ಶ್ರೇಣಿಯಾಯಿತು, ಶ್ರೇಣಿ ವಂಶದ ಪರಂಪರೆಯಾಯಿತು. ಕೊನೆಗೆ ಹಡಗಿನ ಮಾರ್ಗ, ರೈಲಿನ ಹಳಿ, ವಿದ್ಯುತ್ತಿನ ತಂತಿ, ದೂರವಾಣಿಯ ಸಂಪರ್ಕ ಎಲ್ಲವೂ ಆ ಒಂದೇ ದಾರಕ್ಕೆ ಪೋಣಿಸಿದ ಮಣಿಗಳಾದವು.

ನುಡಿಗಟ್ಟುಗಳ ಕಡೆಗೆ ತಿರುಗಿದರೆ ಈ ಪದದ ನಿಜವಾದ ಸಿರಿ ಕಾಣುತ್ತದೆ. ಓಟದ ಪಂದ್ಯದಲ್ಲಿ ಗೆರೆಗೆ ಕಾಲ್ಬೆರಳು ತಾಗಿಸಿ ನಿಲ್ಲುವುದು ‘ಟೋ ದ ಲೈನ್’. ಪಕ್ಷದ ಆಜ್ಞೆಯನ್ನು ಮೀರದ ಶಾಸಕನಿಗೂ ಅದೇ ಮಾತು. ಲೆಕ್ಕಪತ್ರದ ತಳದಲ್ಲಿರುವ ಲಾಭನಷ್ಟದ ಸಾಲು ‘ಬಾಟಮ್ ಲೈನ್’. ಈಗ ಯಾವ ಚರ್ಚೆಯ ಸಾರಾಂಶಕ್ಕೂ ಅದೇ ಹೆಸರು. ಗಾಳ, ದಾರ, ತೂಕದ ಗುಂಡು ಮೂರನ್ನೂ ನುಂಗಿದ ಮೀನಿನ ಹಾಗೆ ಸುಳ್ಳನ್ನು ಪೂರ್ತಿಯಾಗಿ ನಂಬುವುದು ‘ಹುಕ್, ಲೈನ್ ಆ್ಯಂಡ್ ಸಿಂಕರ್’. ನಾವು ದಿನಕ್ಕೆ ಹತ್ತು ಸಲ ಹೇಳುವ ‘ಡೆಡ್‌ಲೈನ್’ ಹುಟ್ಟಿದ್ದು ಅಮೆರಿಕದ ಅಂತರ್ಯುದ್ಧ ಕಾಲದ ಸೆರೆಮನೆಯಲ್ಲಿ. ಜಾರ್ಜಿಯಾದ ಆಂಡರ್ಸನ್‌ವಿಲ್ ಶಿಬಿರದಲ್ಲಿ 1864ರ ಸುಮಾರಿಗೆ ಕೈದಿಗಳ ಸುತ್ತ ಒಂದು ಗಡಿ ಹಾಕಿದ್ದರು. ಅದನ್ನು ದಾಟಿದವನಿಗೆ ಕಾವಲುಗಾರನ ಗುಂಡು. ಅಕ್ಷರಶಃ ಸಾವಿನ ಗೆರೆ. ಮುಂದೆ ಅದನ್ನು ಪತ್ರಿಕಾಲಯಗಳು ಎತ್ತಿಕೊಂಡವು, ಅಲ್ಲಿಂದ ಅದು ನಮ್ಮ ಕಚೇರಿಗಳಿಗೆ ಬಂದಿತು. ಈ ನುಡಿಗಟ್ಟುಗಳನ್ನು ಯಾವ ಪಂಡಿತರ ಸಮಿತಿಯೂ ಕುಳಿತು ತಯಾರಿಸಲಿಲ್ಲ. ಮೀನುಗಾರ, ಗುಮಾಸ್ತ, ಸೈನಿಕ, ಕೈದಿ ಹೀಗೆ ದುಡಿಯುವವರೂ ನೋಯುವವರೂ ತಮ್ಮ ತಮ್ಮ ಅನುಭವವನ್ನು ಆ ಪದದೊಳಗೆ ತುಂಬಿದರು.

ನಾವು ವಾಸಿಸುವ ಈ ಸೀಮೆಯ ಚರಿತ್ರೆಯೂ ಒಂದು ಲೈನಿನ ಚರಿತ್ರೆಯೇ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಹೊರಟ ರೈಲು ಸುಮಾರು 34 ಕಿಲೋಮೀಟರ್ ಕ್ರಮಿಸಿ ಠಾಣೆಗೆ ಬಂದಿತು. ಮರುವರ್ಷ, 1854ರ ಮೇ ತಿಂಗಳಲ್ಲಿ, ಹಳಿ ಕಲ್ಯಾಣವನ್ನು ಮುಟ್ಟಿತು. ಕಲ್ಯಾಣದಲ್ಲಿ ಅದು ಎರಡಾಗಿ ಒಡೆದು ಒಂದು ಕಸಾರಾ ಘಟ್ಟದ ಕಡೆಗೂ ಇನ್ನೊಂದು ಕರ್ಜತ್ ಮೂಲಕ ಪುಣೆಯ ಕಡೆಗೂ ಹೋಯಿತು. ನವಿ ಮುಂಬಯಿ ಹಳಿಗಾಗಿ ಬಹುಕಾಲ ಕಾಯಬೇಕಾಯಿತು. ಖಾಡಿಯ ಸೇತುವೆ ದಾಟಿ ಲೋಕಲ್ ರೈಲು ವಾಶಿಗೆ ಬಂದದ್ದು 1992ರಲ್ಲಿ. ಠಾಣೆಯನ್ನು ವಾಶಿಗೆ ಜೋಡಿಸಿದ ಟ್ರಾನ್ಸ್‌ಹಾರ್ಬರ್ ಲೈನು 2004ರಲ್ಲಿ ತೆರೆಯಿತು. ಹಳಿ ಹೋದಲ್ಲೆಲ್ಲ ಮನೆಗಳು ಎದ್ದವು. ಬಾಡಿಗೆ ಕೈಗೆಟಕುವ ಕಡೆಗೆ ಜನ ನಡೆದರು. ಅವರೊಡನೆ ಕನ್ನಡಿಗರೂ ಬಂದರು, ಕನ್ನಡ ಸಂಘಗಳೂ ಹುಟ್ಟಿದವು. ಇಂಥ ನೆಲದಲ್ಲಿ ‘ಲೈನ್’ ಎಂಬುದನ್ನು ಪರಭಾಷೆಯ ಪದವೆಂದು ಹೊರಗೆ ನಿಲ್ಲಿಸುವುದು ಕೃತಕವಾದೀತು. ಅದು ನಮ್ಮ ಬದುಕು ಹರಿದ ಕಾಲುವೆಯ ಹೆಸರು.

ತವರಿನಲ್ಲೂ ಈ ಪದ ಅಷ್ಟೇ ಆಳವಾಗಿ ಇಳಿದಿದೆ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದ ಕಾರ್ಮಿಕರು ಇರುವುದು ‘ಲೈನ್ ಮನೆ’ಗಳಲ್ಲಿ. ಹಳ್ಳಿಯಲ್ಲಿ ದೀಪ ಹೋದರೆ ಕರೆಯುವುದು ‘ಲೈನ್‌ಮ್ಯಾನ್’ನನ್ನು. ಕಾಲೇಜಿನ ಹುಡುಗ ‘ಲೈನ್ ಹೊಡೆಯುತ್ತಾನೆ’. ಈ ಕೊನೆಯದನ್ನು ಸ್ವಲ್ಪ ನಿಂತು ನೋಡಬೇಕು. ನಾಮಪದವಷ್ಟೇ ಹೊರಗಿನದು, ‘ಹೊಡೆ’ ನಮ್ಮದೇ ಕ್ರಿಯಾಪದ. ಹರಟೆ ಹೊಡೆಯುವ, ನಿದ್ದೆ ಹೊಡೆಯುವ, ಗಾಡಿ ಹೊಡೆಯುವ, ಬಣ್ಣ ಹೊಡೆಯುವ, ಸೀಟಿ ಹೊಡೆಯುವ, ಕಾಪಿ ಹೊಡೆಯುವ ಕನ್ನಡಿಗ ಪರದೇಶದ ಪದ ಬಂದಾಗ ಅದಕ್ಕೂ ಒಂದು ‘ಹೊಡೆ’ ಸೇರಿಸಿ ಮನೆಯವನನ್ನಾಗಿ ಮಾಡಿಕೊಂಡ. ಆಕ್ಸ್‌ಫರ್ಡ್ ನಿಘಂಟಿನ ಪರಿಷ್ಕರಣೆಯಲ್ಲಿ ‘ರನ್’ ಎಂಬ ಕ್ರಿಯಾಪದಕ್ಕೆ 645 ಅರ್ಥಗಳು ದೊರೆತುವೆಂಬ ಸುದ್ದಿಯನ್ನು ನಾವು ಬೆರಗಿನಿಂದ ಓದಿದೆವು. ನಮ್ಮ ‘ಹೊಡೆ’, ‘ಹಿಡಿ’, ‘ಬೀಳು’, ‘ತೆಗೆ’ಗಳನ್ನು ಅಷ್ಟೇ ತಾಳ್ಮೆಯಿಂದ ಎಣಿಸಲು ಕುಳಿತರೆ ಬೆರಗು ನಮ್ಮ ಮನೆಯಂಗಳದಲ್ಲೇ ಕಾದಿರುತ್ತದೆ.

ಹಾಗಾದರೆ ತಕರಾರು ಏನು? ತಕರಾರು ‘ಲೈನ್’ ಬಂದದ್ದರ ಬಗ್ಗೆ ಅಲ್ಲ. ಅದು ಬಂದ ಮೇಲೆ ಎದ್ದು ಹೋದವರ ಬಗ್ಗೆ. ಇಂಗ್ಲಿಷಿನ ಒಂದು ಪದ ಆಳುವ ರಾಜ್ಯವನ್ನು ಕನ್ನಡ ಹತ್ತಾರು ಪಾಳೆಯಗಾರರಿಗೆ ಹಂಚಿಕೊಟ್ಟಿದೆ. ಹಾಳೆಯ ಮೇಲಿನದು ಗೆರೆ, ಪದ್ಯದಲ್ಲಿರುವುದು ಸಾಲು, ಅಂಗೈಯಲ್ಲಿರುವುದು ರೇಖೆ, ಊಟಕ್ಕೆ ಕೂತದ್ದು ಪಂಕ್ತಿ, ಟಿಕೆಟಿಗೆ ನಿಂತದ್ದು ಸರದಿ; ಧಾರವಾಡದ ಕಡೆಯವರಿಗೆ ಅದೇ ಪಾಳಿ. ರೈಲಿಗೆ ಹಳಿ, ವಿದ್ಯುತ್ತಿಗೆ ತಂತಿ, ಗಾಳಕ್ಕೆ ದಾರ, ಮಾತಿಗೆ ಎಳೆ, ವಂಶಕ್ಕೆ ಬಳ್ಳಿ, ಉದ್ಯೋಗಕ್ಕೆ ಕಸುಬು. ಒಂದೊಂದರ ಹಿಂದೆಯೂ ಒಂದೊಂದು ಲೋಕವಿದೆ. ‘ಸಾಲು’ ಎಂದರೆ ನೇಗಿಲು ಉತ್ತ ಗುರುತು ಕೂಡ. ತಮಿಳಿನ ‘ಚಾಲ್’ಗೂ ಅದೇ ಅರ್ಥ. ಇಂಗ್ಲಿಷರ ಲೈನು ನೂಲಿನಿಂದ ಹೊರಟಿತು. ನಮ್ಮ ಸಾಲಿನಲ್ಲಿ ಹೊಲದ ಮಣ್ಣಿದೆ. ಕುತೂಹಲದ ಸಂಗತಿಯೆಂದರೆ, ಪದ್ಯಕ್ಕೆ ಇಂಗ್ಲಿಷಿನಲ್ಲಿರುವ ‘ವರ್ಸ್’ ಎಂಬ ಪದವೂ ಲ್ಯಾಟಿನ್ನಿನಲ್ಲಿ ಉಳುವವನು ಹೊಲದಂಚಿನಲ್ಲಿ ತಿರುಗುವುದನ್ನು ಸೂಚಿಸುತ್ತಿತ್ತು. ಹುಲಿಕಲ್ಲು ಮತ್ತು ಕುದೂರಿನ ನಡುವಣ ರಸ್ತೆಯ ಬದಿಯಲ್ಲಿ ಆಲದ ಸಸಿಗಳನ್ನು ನೆಟ್ಟು ನೀರೆರೆದ ತಿಮ್ಮಕ್ಕನಿಗೆ ಜನ ‘ಸಾಲುಮರದ’ ಎಂಬ ಬಿರುದು ಕೊಟ್ಟರು. ಆ ಹೆಸರಿನಲ್ಲಿರುವ ‘ಸಾಲು’ ಪದವನ್ನು ತೆಗೆದು ‘ಲೈನ್’ ಇಟ್ಟು ನೋಡಿ: ಮರವೂ ಒಣಗುತ್ತದೆ, ಅಕ್ಕನೂ ಮರೆಯಾಗುತ್ತಾಳೆ.

ಹೊರನಾಡಿನ ಮನೆಗಳಲ್ಲಿ ಆಗುತ್ತಿರುವುದು ಇದೇ. ನಮ್ಮ ಮಕ್ಕಳಿಗೆ ಇರುವೆ ಹೋಗುವುದೂ ಲೈನಿನಲ್ಲಿ, ಊಟಕ್ಕೆ ಕೂರುವುದೂ ಲೈನಿನಲ್ಲಿ, ನೋಟ್‌ಬುಕ್ಕಿನಲ್ಲಿ ಎಳೆಯುವುದೂ ಲೈನನ್ನೇ. ಇದಕ್ಕೆ ಮಹಾರಾಷ್ಟ್ರದ ನೆಲವನ್ನು ದೂರುವಂತಿಲ್ಲ. ಅದೇ ಮಗು ಶಾಲೆಯಲ್ಲಿ ಮರಾಠಿ ಕಲಿಯುವಾಗ ಎಳೆಯುವುದಕ್ಕೆ ‘ರೇಘ್’, ಓದುವುದಕ್ಕೆ ‘ಓಳ್’, ನಿಲ್ಲುವುದಕ್ಕೆ ‘ರಾಂಗ್’, ರೈಲಿಗೆ ‘ರೂಳ್’ ಎಂದು ಬೇರ್ಪಡಿಸಿ ಬರೆಯುತ್ತದೆ. ತಪ್ಪಿದರೆ ಅಂಕ ಹೋಗುತ್ತದೆ. ಕನ್ನಡಕ್ಕೆ ಅಂಕವಿಲ್ಲ, ಆದ್ದರಿಂದ ಒಂದು ಪದ ಸಾಕು. ಮರಾಠಿಯಲ್ಲಿ ನಾಲ್ಕು ಗೆರೆಗಳನ್ನು ಗುರುತಿಸಬಲ್ಲ ಮಗುವಿಗೆ ತಾಯ್ನುಡಿಯಲ್ಲಿ ಒಂದೂ ಇಲ್ಲವೆಂದರೆ ಕೊರತೆ ಮಗುವಿನ ಬುದ್ಧಿಯದಲ್ಲ, ಪರಿಸರದ್ದೂ ಅಲ್ಲ. ನಮ್ಮ ಅಡುಗೆಮನೆ ಪಡಸಾಲೆಗಳ ಮಾತಿನದು.

ಪದವೊಂದು ಹೋದರೆ ಅದೊಂದೇ ಹೋಗುವುದಿಲ್ಲ. ‘ಅಪ್ಪ ಹಾಕಿದ ಗೆರೆ ದಾಟುವವನಲ್ಲ’ ಎಂದು ಅಜ್ಜಿ ಹೇಳಿದರೆ, ಗೆರೆಯನ್ನೇ ಅರಿಯದ ಮೊಮ್ಮಗನಿಗೆ ಅದರ ಮೆಚ್ಚುಗೆಯೂ ತಿಳಿಯದು, ಅದರೊಳಗಿನ ಕನಿಕರವೂ ತಿಳಿಯದು. ‘ಮಾತು ಹಳಿ ತಪ್ಪಿತು’, ‘ಎಳೆ ಎಳೆಯಾಗಿ ಬಿಡಿಸಿ ಹೇಳಿದ’, ‘ಪಂಕ್ತಿಭೇದ ಮಾಡಬಾರದು’ ಎಂಬ ಮಾತುಗಳೂ ಅದರ ಹಿಂದೆಯೇ ಹೊರಡುತ್ತವೆ. ಕೊನೆಯದಂತೂ ಬರಿಯ ನುಡಿಗಟ್ಟಲ್ಲ. ಯಾರನ್ನು ಎಲ್ಲಿ ಕೂರಿಸಿ ಉಣಿಸಿದೆವು, ಯಾರನ್ನು ಹೊರಗಿಟ್ಟೆವು ಎಂಬ ಸಾಮಾಜಿಕ ಚರಿತ್ರೆಯನ್ನು ಹೊತ್ತಿರುವ ಮಾತು. ಅದನ್ನು ಮರೆತವರು ಆ ಚರಿತ್ರೆಯ ಅವಮಾನವನ್ನೂ ಪಾಠವನ್ನೂ ಮರೆಯುತ್ತಾರೆ. ಹೆಸರುಗಳು ಉಳಿದು ನುಡಿಗಟ್ಟುಗಳು ಹೋದ ಭಾಷೆ ವ್ಯವಹಾರಕ್ಕೆ ಸಾಕಾದೀತು. ಜಗಳವಾಡಲು, ಸಮಾಧಾನ ಹೇಳಲು, ಕತೆ ಓದಲು ಸಾಲದು.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ: ‘ಇದು ಮಡಿವಂತಿಕೆಯಲ್ಲವೆ? ಕನ್ನಡ ಎಂದೂ ಬೆರಕೆಯ ಭಾಷೆಯೇ ತಾನೆ?’ ಹೌದು. ಹನ್ನೆರಡನೆಯ ಶತಮಾನದ ನಯಸೇನನೇ ಕನ್ನಡಕ್ಕೆ ಸಂಸ್ಕೃತವನ್ನು ಬೆರೆಸುವುದನ್ನು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಆಕ್ಷೇಪಿಸಿದ್ದ. ಆದರೂ ಬೆರಕೆ ನಿಲ್ಲಲಿಲ್ಲ. ಕನ್ನಡ ಸಾಯಲೂ ಇಲ್ಲ. ಏಕೆಂದರೆ ಕನ್ನಡ ಪಡೆದದ್ದನ್ನು ಅರಗಿಸಿಕೊಂಡಿತು. ಸಂಸ್ಕೃತದ ‘ಪಂಕ್ತಿ’ ಊಟದ ಮನೆಯಲ್ಲಿ ಪಂಕ್ತಿಯಾಗಿಯೇ ಉಳಿಯಿತು. ಉತ್ತರ ಕರ್ನಾಟಕದ ಕಣದಲ್ಲಿ ಅದು ‘ಹಂತಿ’ಯಾಯಿತು. ತೆನೆ ತುಳಿಯುವ ಎತ್ತುಗಳ ಸಾಲಿಗೆ ಆ ಹೆಸರು ಬಂತು, ರಾತ್ರಿಯ ದಣಿವು ಮರೆಯಲು ಹಾಡುವ ‘ಹಂತಿ ಪದ’ಗಳೂ ಹುಟ್ಟಿದವು. ಎರಡೂ ಬದುಕಿದವು, ‘ಸಾಲು’ ಕೂಡ ಬದುಕಿತು. ಬೆರಕೆಯೆಂದರೆ ಹೀಗೆ: ಇದ್ದದ್ದರ ಜೊತೆಗೆ ಇನ್ನೊಂದು. ಈಗ ನಡೆದಿರುವುದು ಬೆರಕೆಯಲ್ಲ, ಬದಲಿ. ‘ಹೋಟೆಲ್ ಲೈನು’, ‘ಹಾರ್ಬರ್ ಲೈನು’ಗಳು ಮೊದಲನೆಯ ಜಾತಿಯವು, ಅವು ಇರಲಿ. ‘ಇರುವೆಗಳ ಲೈನು’ ಎರಡನೆಯದು.

ಇದಕ್ಕೆ ಎದುರಾದ ಇನ್ನೊಂದು ತುದಿಯ ತಪ್ಪನ್ನು ನಮ್ಮಂಥ ಬರೆಯುವವರೂ ಅನುವಾದಿಸುವವರೂ ಮಾಡುತ್ತೇವೆ. ಇಂಗ್ಲಿಷಿನ ನುಡಿಗಟ್ಟನ್ನು ಪದಕ್ಕೆ ಪದ ಇಟ್ಟು ಕನ್ನಡವೆಂದು ನಡೆಸುತ್ತೇವೆ. ‘ಸಾಲುಗಳ ನಡುವೆ ಓದು’ ಎಂಬುದು ಬಳಕೆಯಿಂದ ನೆಲೆಯೂರಿದೆ, ಅದನ್ನು ಓಡಿಸಬೇಕಾಗಿಲ್ಲ. ಆದರೆ ಹೇಳದೆ ಹೇಳಿದ ಅರ್ಥಕ್ಕೆ ‘ಇಂಗಿತ’ ಎಂಬ ಸೊಗಸಾದ ಪದವೂ, ‘ಧ್ವನಿ’ ಎಂಬ ಇಡೀ ಕಾವ್ಯಮೀಮಾಂಸೆಯೂ ನಮ್ಮಲ್ಲಿದ್ದವು ಎಂಬುದನ್ನು ಮರೆತು ಅದನ್ನು ಹೊಸ ಕಾಣಿಕೆಯೆಂದು ಸ್ವೀಕರಿಸಬೇಕಾಗಿಲ್ಲ. ‘ಒಂದು ಸಾಲು ಬೀಳಿಸು’ ಎಂದರೆ ‘ಎರಡಕ್ಷರ ಬರೆದು ಹಾಕು’ ಎಂಬ ಅರ್ಥ ಯಾವ ಕನ್ನಡಿಗನಿಗೂ ಹೊಳೆಯದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತನ್ನ ನಿಘಂಟಿನಲ್ಲಿ ಜರ್ಮನಿಯಿಂದ ಬಂದ ಕಿಟೆಲ್ ಪದದ ಪಕ್ಕದಲ್ಲಿ ಗಾದೆಗಳನ್ನೂ ಬಳಕೆಗಳನ್ನೂ ಇಟ್ಟ. ಪದ ಬಾಳುವುದು ಅರ್ಥದಲ್ಲಲ್ಲ, ಬಳಕೆಯಲ್ಲಿ ಎಂಬುದು ಆ ಪರದೇಶಿಗೆ ತಿಳಿದಿತ್ತು.

ಗೆರೆಯ ಇನ್ನೊಂದು ಅರ್ಥ ನಮಗೆ, ಹೊರನಾಡಿನವರಿಗೆ, ಹೆಚ್ಚು ಗೊತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿಗೆರೆಗಳು ಹೊಸದಾಗಿ ಬಿದ್ದಾಗ ಕಾಸರಗೋಡಿನ ಕನ್ನಡಿಗರು ಒಂದು ಪಕ್ಕದಲ್ಲೂ, ಸೊಲ್ಲಾಪುರ ಅಕ್ಕಲಕೋಟೆಗಳ ಕನ್ನಡಿಗರು ಇನ್ನೊಂದು ಪಕ್ಕದಲ್ಲೂ ಉಳಿದರು. ಅವರು ಗೆರೆ ದಾಟಲಿಲ್ಲ, ಗೆರೆಯೇ ಅವರನ್ನು ದಾಟಿತು. ಠಾಣೆ, ಕಲ್ಯಾಣ, ನೆರುಳಗಳ ನಾವಾದರೋ ಹೊಟ್ಟೆಪಾಡಿಗಾಗಿ ನಮ್ಮ ಇಚ್ಛೆಯಿಂದಲೇ ದಾಟಿದವರು. ಆದ್ದರಿಂದ ನಮ್ಮ ಹೊಣೆ ಹೆಚ್ಚು. ನಮ್ಮ ಭಾಷೆಯನ್ನು ಬೇರೆ ಯಾರೂ ಕಿತ್ತುಕೊಂಡಿಲ್ಲ.

ಮಾಡಬೇಕಾದದ್ದು ದೊಡ್ಡದೇನೂ ಅಲ್ಲ. ಸಂಘದ ತಿಂಗಳ ಸಭೆಗೆ ಒಂದು ಇಂಗ್ಲಿಷ್ ಪದವನ್ನು ಮಕ್ಕಳ ಮುಂದಿಡೋಣ. ಅದಕ್ಕೆ ಮನೆಯಲ್ಲಿ ಅಜ್ಜಅಜ್ಜಿಯರನ್ನು ಕೇಳಿ ಎಷ್ಟು ಕನ್ನಡ ಪದ ತರಬಲ್ಲರೋ ತರಲಿ. ಕರಾವಳಿಯ ಮನೆಯಿಂದ ಒಂದು ಬರಲಿ, ಬಿಜಾಪುರದ ಮನೆಯಿಂದ ಇನ್ನೊಂದು, ಮಲೆನಾಡಿನ ಮನೆಯಿಂದ ಮತ್ತೊಂದು. ತವರಿನಲ್ಲಿ ನೂರಾರು ಮೈಲಿ ದೂರವಿದ್ದ ಈ ಕನ್ನಡಗಳು ಡೊಂಬಿವಲಿಯ ಒಂದೇ ಕಟ್ಟಡದ ಮೂರು ಮಹಡಿಗಳಲ್ಲಿ ಸಿಗುತ್ತವೆ. ಹೊರನಾಡು ನಮಗೆ ಕೊಟ್ಟ ಈ ಸೌಲಭ್ಯ ಒಳನಾಡಿನವರಿಗೂ ಸುಲಭವಾಗಿ ಸಿಗುವುದಿಲ್ಲ. ರೈಲಿಗೆ ಲೈನು ಇರಲಿ. ಇರುವೆಗೆ ಸಾಲನ್ನೂ, ಊಟಕ್ಕೆ ಪಂಕ್ತಿಯನ್ನೂ, ಮಾತಿಗೆ ಎಳೆಯನ್ನೂ ಮಕ್ಕಳ ಕೈಗೆ ಮರಳಿ ಕೊಡೋಣ.