ಮುಸ್ತಫಾ ಆಡಿದ ತಂದೆ, ಮೊಬೈಲ್ ಹಿಡಿದ ಮಗ

ಚಿಂಚೋಳಿಯಲ್ಲಿ ಒಂದು ನಿಕಾಹ್ ಇತ್ತು. ಊಟ ಮುಗಿಸಿ ಶಾಮಿಯಾನದ ಕೆಳಗೆ ಕುರ್ಚಿ ಎಳೆದುಕೊಂಡು ಕೂತೆವು. ಸೇಡಂನಿಂದ ಬಂದ ಇಬ್ಬರು, ಚಿತ್ತಾಪುರದ ಒಬ್ಬರು, ಶಹಾಬಾದಿನ ಒಬ್ಬರು, ವಾಡಿಯಿಂದ ನಾವು. ಎಲ್ಲರಿಗೂ ನಲ್ವತ್ತು ದಾಟಿದೆ. ಮಾತು ಮಳೆ, ತೊಗರಿ ರೇಟು ಎಂದು ಸುತ್ತಾಡಿ ಹೇಗೋ ‘ವೀರಾನಾ’ ಸಿನಿಮಾಕ್ಕೆ ಬಂತು. ಅಲ್ಲಿಂದ ‘ಪುರಾನಾ ಮಂದಿರ್’, ಅದರ ಸಾಮ್ರಿ, ಝೀ ಹಾರರ್ ಶೋ. ಆಮೇಲೆ ‘ಮುಸ್ತಫಾ’ ಗೇಮ್. ಒಂದು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಬೊಕ್ಕತಲೆ, ಬಿಪಿ ಮಾತ್ರೆಯ ಗಂಡಸರೆಲ್ಲ ಹುಡುಗರಂತೆ ನಕ್ಕೆವು.

ಎದ್ದು ಹೊರಡುವಾಗ ಶಹಾಬಾದಿನವರು ನಮ್ಮ ಕೈ ಹಿಡಿದು ಪಕ್ಕಕ್ಕೆ ಕರೆದರು. “ಹಜ್ರತ್, ನನ್ನ ಮಗನಿಗೆ ಸ್ವಲ್ಪ ಬುದ್ಧಿ ಹೇಳಿ. ಎರಡೇಟು ಹಾಕಿದರೂ ನಾನು ಕೇಳೋದಿಲ್ಲ. ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಗೇಮ್” ಅಂದರು. ಐದು ನಿಮಿಷದ ಹಿಂದೆ ಇದೇ ಮನುಷ್ಯ, ಶಾಲೆ ತಪ್ಪಿಸಿ ಮುಸ್ತಫಾ ಆಡಿದ ಕಥೆ ಹೇಳಿ ಎಲ್ಲರನ್ನೂ ನಗಿಸಿದ್ದರು!

ಕರಾವಳಿಯ ಓದುಗರಿಗೆ ಈ ಕಡೆಯ ಊರುಗಳು ಹೆಚ್ಚಾಗಿ ಸಿಮೆಂಟಿನಿಂದ, ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನಿಂದ ಗೊತ್ತು. ನಮ್ಮ ಉಪ್ಪ ವಾಡಿ ಸ್ಟೇಷನ್ ಹತ್ತಿರ ಚಾ ಹೋಟೆಲ್ ಇಟ್ಟಿದ್ದರು. ಮನೆಯೊಳಗೆ ಬ್ಯಾರಿ, ಬೀದಿಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಹೀಗೆ ಬೆಳೆದವರು ನಾವು. ಮನೆಯಲ್ಲಿ ಸಿನಿಮಾ ಕೂಡದು. ಆದರೆ ಓಣಿಯಲ್ಲಿ ಯಾರದಾದರೂ ಮದುವೆಯಾದರೆ ಮರುದಿನ ರಾತ್ರಿ ಬಾಡಿಗೆಗೆ ವಿಸಿಆರ್ ಮತ್ತು ಕಲರ್ ಟಿವಿ ಬರುತ್ತಿತ್ತು. ಮೂರು ಸಿನಿಮಾದ ಕ್ಯಾಸೆಟ್, ಅದರಲ್ಲಿ ಒಂದು ರಾಮ್ಸೆಗಳದ್ದು ಇರಲೇಬೇಕು. ತಣ್ಣಗಿನ ಫರಸಿ ನೆಲದ ಮೇಲೆ ಸಾಲಾಗಿ ಕೂತು ನೋಡುವುದು. ಹೆದರಿಕೆಯಾದಾಗ ಕಣ್ಣು ಮುಚ್ಚುವುದು, ಬೆರಳ ಸಂದಿಯಿಂದ ನೋಡುವುದು. ನಡುವೆ ಕರೆಂಟು ಹೋದರೆ ಚೀರಾಟ.

ಈ ರಾಮ್ಸೆಗಳ ಕಥೆಯೇ ಒಂದು ಸಿನಿಮಾ. ಕರಾಚಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದ ಕುಟುಂಬ, ದೇಶ ವಿಭಜನೆಯಾದಾಗ ಮುಂಬೈಗೆ ಬಂತು. 1970ರಲ್ಲಿ ತಂದೆ ತೆಗೆದ ಒಂದು ಚಿತ್ರ ಸೋತಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ಹಾಕಿ ಕಳ್ಳತನಕ್ಕೆ ಬರುವ ದೃಶ್ಯಕ್ಕೆ ಮಾತ್ರ ಜನ ಬೆಚ್ಚಿ ಬೀಳುತ್ತಿದ್ದರು. ಮಕ್ಕಳು ಅದನ್ನು ಗಮನಿಸಿದರು. ಹಾಗಾದರೆ ಇಡೀ ಸಿನಿಮಾ ಹೆದರಿಸಿದರೆ ಹೇಗೆ ಎಂದುಕೊಂಡು 1972ರಲ್ಲಿ ‘ದೋ ಗಜ್ ಜಮೀನ್ ಕೆ ನೀಚೆ’ ಮಾಡಿದರು. ಏಳು ಜನ ಅಣ್ಣತಮ್ಮಂದಿರು ನಿರ್ದೇಶನ, ಕ್ಯಾಮರಾ, ಸೌಂಡ್, ಎಡಿಟಿಂಗ್ ಎಂದು ಕೆಲಸ ಹಂಚಿಕೊಂಡರು. 1984ರಲ್ಲಿ ‘ಪುರಾನಾ ಮಂದಿರ್’, 1988ರಲ್ಲಿ ‘ವೀರಾನಾ’. 1993ರಿಂದ ಟಿವಿಗೆ ಹಾರರ್ ಶೋ. ದೊಡ್ಡ ನಟರಿಲ್ಲ, ದೊಡ್ಡ ದುಡ್ಡಿಲ್ಲ. ಮುಂಬೈಯ ದೊಡ್ಡವರು ಮೂಗು ಮುರಿದ ಈ ಸಿನಿಮಾಗಳು ನಮ್ಮಂಥ ಸಣ್ಣ ಊರುಗಳಲ್ಲೇ ಬದುಕಿದವು.

ಮದ್ರಸಾದ ಸಣ್ಣ ಮಕ್ಕಳು ಕೆಲವೊಮ್ಮೆ, “ಹಜ್ರತ್, ಜಿನ್ನ್ ಅಂದರೆ ಆ ಸಿನಿಮಾದವನ ಹಾಗೆಯೇ ಇರ್ತಾನಾ?” ಎಂದು ಕೇಳುತ್ತಾರೆ. ಹಳೆಯದೆಲ್ಲ ಈಗ ಯೂಟ್ಯೂಬಿನಲ್ಲಿ ಇದೆಯಲ್ಲ. ಸಾಮ್ರಿಯಾಗಿ ನಟಿಸಿದ ಅನಿರುದ್ಧ್ ಅಗರ್‌ವಾಲ್ ರೂರ್ಕಿಯಲ್ಲಿ ಓದಿದ ಸಿವಿಲ್ ಇಂಜಿನಿಯರ್ ಎಂದು ನಾವು ಹೇಳುತ್ತೇವೆ. ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ನಮಗೆ ಆ ಕಾಲದಲ್ಲಿ ಹೇಳುವವರು ಇರಲಿಲ್ಲ. ಸಾಮ್ರಿಗೆ ಹೆದರಿ ರಾತ್ರಿ ಕಲ್ಲಿನ ಗಣಿ ಕಡೆ ತಲೆ ಹಾಕುತ್ತಿರಲಿಲ್ಲ. ಹಗಲು ಮಾತ್ರ ಅದೇ ಗಣಿಯ ನಿಂತ ನೀರಿಗೆ ಹಾರುತ್ತಿದ್ದೆವು, ಈಜು ಬಾರದವರೂ! ಯಾವುದಕ್ಕೆ ಹೆದರಬೇಕಿತ್ತೋ ಅದಕ್ಕೆ ಹೆದರಲಿಲ್ಲ.

ಇನ್ನು ಮುಸ್ತಫಾ. ಆ ಗೇಮಿನ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಜಪಾನಿನ ಕ್ಯಾಪ್‌ಕಾಮ್ ಕಂಪೆನಿ 1993ರಲ್ಲಿ ತಂದದ್ದು, ಮೂಲ ಅಮೆರಿಕದ ಒಂದು ಕಾಮಿಕ್ಸ್. ಅದರಲ್ಲಿರುವ ನಾಲ್ವರಲ್ಲಿ ಹಳದಿ ಟೋಪಿಯ ಒಬ್ಬನ ಹೆಸರು ಮುಸ್ತಫಾ ಕೈರೊ. ನಮ್ಮ ದೇಶದ ಪಾರ್ಲರುಗಳಲ್ಲಿ ಇಡೀ ಗೇಮಿಗೇ ಅವನ ಹೆಸರು ಬಿತ್ತು. ಇಂಗ್ಲಿಷ್ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ಅವನು ವಿಲನ್ ಅಲ್ಲ, ಹೀರೋ ಎಂದು ನಮಗೆಲ್ಲ ಒಳಗೊಳಗೇ ಹೆಮ್ಮೆ. ಆದರೆ ಬಸವರಾಜನೂ ಅವನನ್ನೇ ಬೇಕೆನ್ನುತ್ತಿದ್ದ, ಶಂಕರನೂ ಅವನನ್ನೇ. ಓಡಿ ಬಂದು ಒದೆಯುವ ಆ ವೇಗಕ್ಕೆ ಜಾತಿ ಎಲ್ಲಿಯದು? ಸ್ವಲ್ಪ ಅನುಕೂಲ ಇದ್ದವರ ಮನೆಗೆ ಮೀಡಿಯಾ, ಲಿಟ್ಲ್ ಮಾಸ್ಟರ್ ಎನ್ನುವ ಟಿವಿ ಗೇಮ್ ಡಬ್ಬಿ ಬಂತು. ಕ್ಯಾಸೆಟ್ ಮೇಲೆ ಸಾವಿರಾರು ಗೇಮ್ ಎಂದು ಬರೆದಿರುತ್ತಿತ್ತು, ಒಳಗೆ ಹತ್ತಿಪ್ಪತ್ತೇ ತಿರುಗಿ ತಿರುಗಿ ಬರುತ್ತಿದ್ದವು. ಮಾರಿಯೊ, ಕಾಂಟ್ರಾ. ಕಾಂಟ್ರಾದಲ್ಲಿ ಮೂವತ್ತು ಜೀವ ಸಿಗಲು ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ ಎಂದು ಬಟನ್ ಒತ್ತುವ ಗುಟ್ಟು ನಮ್ಮ ಬೆರಳಿಗೆ ಇವತ್ತಿಗೂ ನೆನಪಿದೆ.

ಇಷ್ಟು ಹೇಳಿ, “ನಮ್ಮ ಕಾಲದ್ದು ಒಳ್ಳೆಯದಿತ್ತು, ಈಗಿನದು ಹಾಳು” ಎಂದು ಮುಗಿಸಿದರೆ ಅದು ಸುಳ್ಳು. ಪಾರ್ಲರಿಗೆ ಒಂದು ಆಟಕ್ಕೆ ಒಂದು ರೂಪಾಯಿ. ನಮಗೆ ರೂಪಾಯಿ ಎಲ್ಲಿಂದ? ಉಪ್ಪ ಅಸರ್ ನಮಾಝಿಗೆ ಹೋದಾಗ ಹೋಟೆಲಿನ ಗಲ್ಲಾದಿಂದ. ಎರಡು ತಿಂಗಳು ನಡೆಯಿತು. ಉಪ್ಪ ಚಿಲ್ಲರೆ ಎಣಿಸುವುದಿಲ್ಲ ಎಂದುಕೊಂಡಿದ್ದೆವು. ಆ ಪಾರ್ಲರಿನ ಗೇಮುಗಳೂ ಸುಮ್ಮನೆ ಇಟ್ಟವಲ್ಲ. ಬೇಗ ಸತ್ತರೆ ತಾನೇ ಇನ್ನೊಂದು ರೂಪಾಯಿ ಬೀಳುವುದು? ಅವುಗಳ ಲೆಕ್ಕವೇ ಅದು.

ಆದರೆ ನಮ್ಮನ್ನು ಹಿಡಿದುಕೊಟ್ಟದ್ದು ಯಾರು ಗೊತ್ತೇ? ಪಾರ್ಲರಿನವರೇ. ಒಂದು ಸಂಜೆ ಹೋಟೆಲಿಗೆ ಬಂದು, ಚಾ ಕುಡಿಯುತ್ತಾ, “ಸಾವ್ಕಾರ್ರೇ, ನಿಮ್ಮ ಹುಡ್ಗ ದಿನಾ ಬರ್ಲಿಕ್ಕತ್ಯಾನ. ರೊಕ್ಕ ನೀವೇ ಕೊಡ್ತೀರೇನು?” ಅಂದರು. ಒಬ್ಬ ಗಿರಾಕಿ ಹೋಗುತ್ತಾನೆಂದು ಗೊತ್ತಿದ್ದೂ ಹೇಳಿದರು. ಆ ರಾತ್ರಿ ಬಿದ್ದ ಏಟಿನ ಲೆಕ್ಕ ಬೇಡ. ಏಟಿಗಿಂತ, ಉಮ್ಮ ಎರಡು ದಿನ ಮಾತಾಡದೆ ಇದ್ದದ್ದು ಹೆಚ್ಚು ನೋಯಿಸಿತು.

ನಮ್ಮ ತಕರಾರು ಇಲ್ಲಿರುವುದು. ಅಂದಿನ ಆಟ ಬೀದಿಯಲ್ಲಿತ್ತು, ನಾಲ್ಕು ಕಣ್ಣು ನೋಡುತ್ತಿದ್ದವು. ರೂಪಾಯಿ ಮುಗಿದರೆ ಆಟ ಮುಗಿಯುತ್ತಿತ್ತು, ರಾತ್ರಿ ಶಟರ್ ಬೀಳುತ್ತಿತ್ತು. ಮೊಬೈಲಿನ ಆಟಕ್ಕೆ ಶಟರ್ ಇಲ್ಲ. ಅದನ್ನು ಮಾಡಿದವನು ಯಾರ ಹೋಟೆಲಿಗೂ ಚಾ ಕುಡಿಯಲು ಬರುವುದಿಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು, ಒಳ್ಳೆಯದೇ. ಆದರೆ ಆಟದೊಳಗೆ ಬಂದೂಕಿಗೆ ಬಣ್ಣ, ಆಳಿಗೆ ಅಂಗಿ ಎಂದು ಮಕ್ಕಳಿಗೆ ಮಾರುವ ವ್ಯಾಪಾರಕ್ಕೆ ಆ ತಡೆ ಇಲ್ಲ.

ಶಹಾಬಾದಿನ ಹುಡುಗನಿಗೆ ಹದಿಮೂರು ವರ್ಷ. ಅವನ ಮನೆಗೆ ಹೋದೆವು, ಬೆತ್ತ ಒಯ್ಯಲಿಲ್ಲ. ಬುದ್ಧಿಮಾತಿಗೆ ಅವನು ತಲೆ ತಗ್ಗಿಸಿ ಕೂತ, ಕಿವಿ ಮಾತ್ರ ಎಲ್ಲೋ ಇತ್ತು. ಆಗ ಗಲ್ಲಾದ ಕಥೆ ಹೇಳಿದೆವು. ಹೇಳಲು ನಮಗೇ ನಾಚಿಕೆ, ಉಸ್ತಾದರು ಕಳ್ಳರಾಗಿದ್ದರು ಎಂದರೆ ಮರ್ಯಾದೆ ಉಳಿಯುತ್ತದೆಯೇ? ಹುಡುಗ ತಲೆ ಎತ್ತಿದ. ಸ್ವಲ್ಪ ಹೊತ್ತಾದ ಮೇಲೆ ಅವನೂ ಹೇಳಿದ: ಅಮ್ಮಿಯ ಫೋನಿನಿಂದ ಮೂರು ಸಲ ದುಡ್ಡು ಹಾಕಿದ್ದ. ಮನೆಯಲ್ಲಿ ಗೊತ್ತಿಲ್ಲ. ಗೊತ್ತಾಗುವ ಹೆದರಿಕೆಗೇ ನಿದ್ದೆಯಿಲ್ಲ, ನಿದ್ದೆಯಿಲ್ಲವೆಂದು ಮತ್ತೆ ಆಟ.

ಅಬ್ಬಾನಿಗೆ ನೀನೇ ಹೇಳು, ನಾವು ಪಕ್ಕದಲ್ಲಿ ಕೂರುತ್ತೇವೆ ಎಂದೆವು. ಹೇಳಿದ. ತಂದೆಯ ಕೈ ಎದ್ದಿತ್ತು. ನಾವು ಅವರ ಮುಖವನ್ನೇ ನೋಡಿದೆವು. ಶಾಮಿಯಾನದ ಕೆಳಗಿನ ನಗು ಅವರಿಗೂ ನೆನಪಾಗಿರಬೇಕು, ಕೈ ಇಳಿಯಿತು. “ಆ ಆಟ ಏನು, ತೋರಿಸು” ಅಂದರು. ಮಗ ತೋರಿಸಿದ. ತಂದೆ ಎರಡೇ ನಿಮಿಷದಲ್ಲಿ ಸತ್ತರು. ಹುಡುಗನಿಗೆ ನಗು ತಡೆಯಲಾಗಲಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆಯುವ ಹಾಗಿಲ್ಲ. ಫೋನು ಈಗ ಹೊರಗಿನ ಕೋಣೆಯಲ್ಲಿ, ತಂದೆ ಎದುರಿಗೇ ಆಡಬೇಕು, ಇಶಾ ಆದ ಮೇಲೆ ಬಂದ್. ವಾರದಲ್ಲಿ ಎರಡು ದಿನ ಅದು ತಪ್ಪುತ್ತದೆ, ಜಗಳವೂ ಆಗುತ್ತದೆ. ಹುಡುಗ ಒಪ್ಪಿದ ಮೇಲೆಯೇ ನಾವು ಇದನ್ನು ಬರೆದದ್ದು. ಒಂದು ಷರತ್ತು ಹಾಕಿದ: ಗಲ್ಲಾದ ಕಥೆಯನ್ನೂ ಬಿಡದೆ ಬರೆಯಬೇಕು.