ಆ ಪ್ಯಾಕೆಟಿನಲ್ಲಿ ಜೀವ ಇತ್ತೇ, ಇಲ್ಲವೇ?

ಕೃಷಿಕರ ಸಭೆಯಲ್ಲಿ ಮಾತು ಕೊಟ್ಟ ಮಾನ್ಯ ಅಧಿಕಾರಿಗಳಿಗೆ,

ನಾನು ಕೆದಂಬಾಡಿಯ ಒಬ್ಬ ಅಡಿಕೆ ಕೃಷಿಕ. ನಿಮ್ಮ ಹೆಸರು ಬರೆಯುತ್ತಿಲ್ಲ. ಪತ್ರ ಯಾರಿಗೆಂದು ನಿಮಗೂ ಗೊತ್ತು, ಊರವರಿಗೂ ಗೊತ್ತು. ಅರ್ಜಿ ಕೊಟ್ಟಾಯಿತು, ಫೋನು ಮಾಡಿಯಾಯಿತು, "ಸಾಹೇಬರು ಮೀಟಿಂಗಿನಲ್ಲಿದ್ದಾರೆ" ಎಂದು ಕೇಳಿಸಿಕೊಂಡೂ ಆಯಿತು.

ಸಬ್ಸಿಡಿಯಲ್ಲಿ ಹಂಚಿದ ಅಜೋಸ್ಪಿರಿಲಂ, ರಂಜಕ ಕರಗಿಸುವ ಬ್ಯಾಕ್ಟೀರಿಯಾ, ಟ್ರೈಕೋಡರ್ಮಾ ಶಿಲೀಂಧ್ರ, ಈ ಜೀವಾಣು ಪ್ಯಾಕೆಟುಗಳ ಕಥೆ ಎಲ್ಲರಿಗೂ ತಿಳಿದದ್ದೇ. ಬೇಸಗೆಯಿಡೀ ತಗಡಿನ ಮಾಡಿನ ಗೋದಾಮಿನಲ್ಲಿ, ಯೂರಿಯಾ ಚೀಲಗಳ ಸಂದಿಯಲ್ಲಿ ಬೆಂದು, ಅವಧಿ ಮುಗಿಯುವ ಹೊತ್ತಿಗೆ ನಮ್ಮ ಕೈಗೆ ಬಂದವು. ನೀವು ಹೇಳಿದಂತೆಯೇ ಒಂದು ಕಿಲೋ ಟ್ರೈಕೋಡರ್ಮಾವನ್ನು 90 ಕಿಲೋ ಹಟ್ಟಿಗೊಬ್ಬರ, 10 ಕಿಲೋ ಬೇವಿನ ಹಿಂಡಿಗೆ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಗೋಣಿ ಮುಚ್ಚಿಟ್ಟೆವು. ಎರಡು ವಾರ ಕಳೆದರೂ ರಾಶಿಯಲ್ಲಿ ಟ್ರೈಕೋಡರ್ಮಾದ ಹಸಿರು ಬೂಷ್ಟಿನ ಸುಳಿವಿಲ್ಲ.

ಸಭೆಯಲ್ಲಿ ಕೇಳಿದೆವು. ನೀವು ಎದ್ದು ನಿಂತು, "ಇದೇ ಪ್ಯಾಕೆಟನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತೇನೆ, ಮಳೆ ಹಿಡಿಯುವುದರೊಳಗೆ ವರದಿ ನಿಮ್ಮ ಕೈಯಲ್ಲಿರುತ್ತದೆ" ಎಂದಿರಿ. ಚಪ್ಪಾಳೆ ತಟ್ಟಿದೆವು. ಮಳೆ ಹಿಡಿಯಿತು, ಕೊಳೆರೋಗಕ್ಕೆ ಎರಡನೇ ಮದ್ದು ಬಿಟ್ಟೂ ಆಯಿತು. ವರದಿ ಇಲ್ಲ.

ನಮ್ಮದು ಹುಳಿ ಅಂಶದ ಮುರಕಲ್ಲು ಮಣ್ಣು. ಹಾಕಿದ ರಂಜಕವನ್ನು ಅದರಲ್ಲಿನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಆ ಬ್ಯಾಕ್ಟೀರಿಯಾ ತನ್ನ ಆಮ್ಲದಿಂದ ಅದನ್ನು ಬಿಡಿಸಿ ಬೇರಿಗೆ ಒದಗಿಸಬೇಕು, ಬದುಕಿದ್ದರೆ. ಸತ್ತ ಹೆಪ್ಪು ಹಾಕಿದರೆ ಹಾಲು ಮೊಸರಾದೀತೇ? ಇದನ್ನು ಸರಕಾರವೂ ಒಪ್ಪಿದೆ: 1985ರ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ 2006ರಲ್ಲಿ ಜೈವಿಕ ಗೊಬ್ಬರವನ್ನೂ ಸೇರಿಸಿ, ಇಂಥ ಪುಡಿಯ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕೆಂದು ವಿಧಿಸಿತು. ಅದನ್ನು ಎಣಿಸುವ ಯಂತ್ರ ನಮ್ಮ ಅಂಗಳದಲ್ಲಿಲ್ಲ. ಅದಕ್ಕೇ ನಿಮ್ಮನ್ನು ಕೇಳಿದ್ದು.

ಕೇಳಿದ್ದಕ್ಕೆ ನಿಮ್ಮ ಕಚೇರಿಯಿಂದ ಬಂದ ಉತ್ತರ: "ಸಬ್ಸಿಡಿಯಲ್ಲಿ ಸಿಕ್ಕಿದ್ದಕ್ಕೂ ತಗಾದೆಯಾ?" ಆ ಸಬ್ಸಿಡಿ ಯಾರ ದುಡ್ಡು ಸ್ವಾಮೀ?

ವಿಜ್ಞಾನಕ್ಕೇನೂ ಇಲ್ಲಿ ಬರವಿಲ್ಲ. ವಿಟ್ಲದಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಕೇಂದ್ರವಿದೆ, ಮೊಟ್ಟೆತ್ತಡ್ಕದಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ಬರ ಇರುವುದು ಗೋದಾಮಿನಿಂದ ತೋಟದವರೆಗಿನ ದಾರಿಯಲ್ಲಿ. ತರಬೇತಿಯೆಂದರೆ ಶಾಲು, ಹಣ್ಣಿನ ಬುಟ್ಟಿ, ಫೋಟೋ. (ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು.) 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಕಾರ್ಡನ್ನೇ ನೋಡಿ: 12 ಅಂಶಗಳಿವೆ, ಸಾರಜನಕದಿಂದ ಬೋರಾನ್‌ವರೆಗೆ. ಮಣ್ಣಿನೊಳಗಿನ ಜೀವಿಗಳಿಗೆ ಒಂದು ಸಾಲೂ ಇಲ್ಲ. ಆರೋಗ್ಯ ಎಂದು ಹೆಸರಿಟ್ಟು ಜೀವವನ್ನೇ ಬಿಟ್ಟರೆ ಹೇಗೆ ಮಾರಾಯ್ರೇ?

ನಮಗಾದ ದೊಡ್ಡ ನಷ್ಟ ಪ್ಯಾಕೆಟಿನ ಹಣವಲ್ಲ. ಮೊದಲ ಸಲ ಹಾಕಿ ನೋಡಿದ ಹುಡುಗರು "ಇದೆಲ್ಲ ಬರೀ ಬೂದಿ" ಎಂದು ತೀರ್ಮಾನಿಸಿಬಿಟ್ಟರು. ಒಳ್ಳೆಮೆಣಸಿನ ಬಳ್ಳಿ ಸೊರಗಿದಾಗ ಇನ್ನು ಅವರು ಟ್ರೈಕೋಡರ್ಮಾದ ಹೆಸರೆತ್ತುವುದಿಲ್ಲ. ಅವರನ್ನು ಮತ್ತೆ ನಂಬಿಸುವವರು ಯಾರು, ನೀವೇ?

ಮುಂದಿನ ಹಂಗಾಮಿಗೆ ಪ್ರತಿ ಬ್ಯಾಚಿನ ಜೀವಕೋಶಗಳ ಲೆಕ್ಕವನ್ನು ಹಂಚುವ ಜಾಗದಲ್ಲೇ ಅಂಟಿಸಿ, ದಾಸ್ತಾನನ್ನು ತಂಪಿನಲ್ಲಿಡಿ. ಅದಕ್ಕೂ ಮೊದಲು ನಮ್ಮ ಪ್ಯಾಕೆಟಿನ ವರದಿ ಕೊಡಿ. ಪರೀಕ್ಷೆಗೆ ಕಳುಹಿಸಿಯೇ ಇಲ್ಲವಾದರೆ, ಕಳುಹಿಸಿಲ್ಲ ಎಂದು ಕಚೇರಿಯ ಮೊಹರು ಹಾಕಿ ಬರೆದುಕೊಡಿ.

ಇತಿ,
ಕೆದಂಬಾಡಿಯ ಕೃಷಿಕ