ಚಪ್ಪಾಳೆ ಸಲ್ಲಲಿ, ಆತ್ಮರಕ್ಷಣೆಯ ಹೆಸರು ಬೇಡ

ಸಂಜೆ ಹೊತ್ತು ಮಕ್ಕಳನ್ನು ಯಾವ ಕ್ಲಾಸಿಗೆ ಸೇರಿಸುವುದು ಎಂಬ ಚಿಂತೆ ಅಬುಧಾಬಿಯ ಅಲ್ ರೀಮ್ ಐಲ್ಯಾಂಡ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಬೆಂಗಳೂರಿನವರಿಗೂ ಒಂದೇ. ಕರಾಟೆಯಿರಲಿ, ಜಿಯು-ಜಿತ್ಸು ಇರಲಿ, ಕುಂಗ್‌ಫು ಇರಲಿ, ಎಲ್ಲ ಜಾಹೀರಾತಿನಲ್ಲೂ 'ಆತ್ಮರಕ್ಷಣೆ' ಎಂಬ ಮಾತು ಇದ್ದೇ ಇರುತ್ತದೆ. ಹೆಣ್ಣುಮಕ್ಕಳ ಹೆತ್ತವರಂತೂ ಆ ಒಂದು ಮಾತನ್ನು ನಂಬಿಯೇ ಫೀಸು ಕಟ್ಟುತ್ತಾರೆ. ಚೀನೀ ಸಮರಕಲೆಯ ಪ್ರದರ್ಶನ ವಿಭಾಗಕ್ಕೆ ಈ ಮಾತು ಸಲ್ಲುವುದಿಲ್ಲ. ಅದನ್ನು ಸ್ಪಷ್ಟವಾಗಿ ಹೇಳುವ ಕಾಲ ಬಂದಿದೆ.

ಚೀನೀ ಸಮರಕಲೆಯ ಕ್ರೀಡಾ ನಿಯಮಗಳೇ ಈ ವಿಷಯದಲ್ಲಿ ಗೊಂದಲ ಇಟ್ಟುಕೊಂಡಿಲ್ಲ. ಆ ಕಲೆಯ ಇಂದಿನ ಕ್ರೀಡಾರೂಪವಾದ ವುಶುವಿನಲ್ಲಿ ಎರಡು ವಿಭಾಗಗಳಿವೆ. ಒಂದು ತಾವೊಲು, ಇನ್ನೊಂದು ಸಾಂಡಾ. ತಾವೊಲುವಿನ ವೈಯಕ್ತಿಕ ಸ್ಪರ್ಧೆಯಲ್ಲಿ ಎದುರಾಳಿಯೇ ಇರುವುದಿಲ್ಲ. ಹದಿನಾಲ್ಕು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಜಮಖಾನೆಯ ಮೇಲೆ ಆಟಗಾರ ಒಬ್ಬನೇ ಮೊದಲೇ ಕಲಿತ ವರಸೆಗಳನ್ನು ಮಾಡಿ ತೋರಿಸುತ್ತಾನೆ. ಒಟ್ಟು 10 ಅಂಕಗಳಲ್ಲಿ ಚಲನೆಯ ಗುಣಮಟ್ಟಕ್ಕೆ 5, ಒಟ್ಟಾರೆ ಪ್ರದರ್ಶನಕ್ಕೆ 3, ಕಠಿಣ ವರಸೆಗಳಿಗೆ 2. ಗಾಳಿಯಲ್ಲಿ ಎರಡು ಸುತ್ತು ತಿರುಗಿ, ಕಾಲನ್ನು ಅಂಗೈಗೆ ಬಡಿದು, ಕುದುರೆಯ ಮೇಲೆ ಕುಳಿತವನ ಭಂಗಿಯಲ್ಲಿ ಅಲುಗಾಡದೆ ನೆಲಕ್ಕಿಳಿಯಬೇಕು. ಪಾದ ಸರಿದರೂ ಅಂಕ ಹೋಯಿತು. ಇದನ್ನು ಸಾಧಿಸಲು ವರ್ಷಗಟ್ಟಲೆ ಬೆವರು ಹರಿಸಬೇಕು. ಆ ದೇಹಶಕ್ತಿ, ಆ ಸಮತೋಲನ, ಆ ಶಿಸ್ತಿನ ಬಗ್ಗೆ ನಮಗೆ ಗೌರವವಿದೆ. ಆದರೆ ಅಲ್ಲಿ ಯಾರೂ ತಿರುಗಿ ಹೊಡೆಯುವುದಿಲ್ಲ, ಅಂಕವೂ ಹೊಡೆತಕ್ಕಲ್ಲ.

ಸಾಂಡಾದ ಕಥೆಯೇ ಬೇರೆ. ನೆಲದಿಂದ 80 ಸೆಂಟಿಮೀಟರ್ ಎತ್ತರದ ಅಟ್ಟಣೆಯ ಮೇಲೆ ಇಬ್ಬರು ಗ್ಲೌಸು ತೊಟ್ಟು ಎದುರುಬದುರಾಗುತ್ತಾರೆ. ಗುದ್ದು, ಒದೆ, ಎತ್ತಿ ಕೆಡಹುವುದು ಎಲ್ಲಕ್ಕೂ ಅವಕಾಶವಿದೆ. ಬಂದ ಒದೆಯನ್ನು ಕಂಕುಳಲ್ಲಿ ಹಿಡಿದು, ನಿಂತಿರುವ ಇನ್ನೊಂದು ಕಾಲನ್ನು ಗುಡಿಸಿ ಎದುರಾಳಿಯನ್ನು ಬೀಳಿಸುವುದು ಸಾಂಡಾದ ಹೆಸರಾಂತ ಪಟ್ಟು. ಈ ಪಟ್ಟನ್ನು ಕನ್ನಡಿಯ ಮುಂದೆ ಕಲಿಯಲಾಗದು. ಎದುರಿನವನು ನಿಜವಾಗಿಯೇ ಒದೆಯಬೇಕು, ಹಿಡಿದ ಕಾಲನ್ನು ಬಿಡಿಸಿಕೊಳ್ಳಲು ಜಗ್ಗಬೇಕು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಣಿಪುರದ ರೋಶಿಬಿನಾ ದೇವಿ ಭಾರತಕ್ಕೆ ಬೆಳ್ಳಿ ತಂದದ್ದು ಈ ಸಾಂಡಾದಲ್ಲಿ, 60 ಕೆ.ಜಿ. ವಿಭಾಗದಲ್ಲಿ.

ಚೀನೀ ಕಲೆ ನಿಜವಾದ ಕಾಳಗದಲ್ಲಿ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಅಬುಧಾಬಿಯ ಯಾಸ್ ದ್ವೀಪದಲ್ಲೇ ಸಿಕ್ಕಿದೆ. 2019ರ ಸೆಪ್ಟೆಂಬರ್ 7ರಂದು ಅಲ್ಲಿ ನಡೆದ ಮಿಶ್ರ ಸಮರಕಲೆಯ ಯುಎಫ್‌ಸಿ ಪಂದ್ಯಾವಳಿಯಲ್ಲಿ ದಾಗೆಸ್ತಾನದ ಮುಸ್ಲಿಂ ಸಲಿಖೋವ್ ಮೊದಲ ಸುತ್ತಿನಲ್ಲೇ ಎದುರಾಳಿಯನ್ನು ನಾಕೌಟ್ ಮಾಡಿದರು. ಅವರು ಸಾಂಡಾದಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. 2021ರ ಜನವರಿ 16ರಂದು ಅದೇ ದ್ವೀಪದ ಎತಿಹಾದ್ ಅರೆನಾದಲ್ಲಿ, ಸಾಂಡಾ ಕಲಿತ ಚೀನಾದ ಲಿ ಜಿಂಗ್‌ಲಿಯಾಂಗ್ ಅರ್ಜೆಂಟೀನಾದ ಪೊಂಜಿನಿಬ್ಬಿಯೋ ಅವರನ್ನು ಮೊದಲ ಸುತ್ತಿನಲ್ಲಿ ಎಡಗೈ ಗುದ್ದಿನಿಂದ ಮಲಗಿಸಿದರು. ಅದೇ ವರ್ಷ ಅಕ್ಟೋಬರ್ 30ರಂದು ಅದೇ ಅರೆನಾದಲ್ಲಿ ಖಮ್ಜಾತ್ ಚಿಮಾಯೆವ್ ಅದೇ ಲಿಯವರನ್ನು ಅನಾಮತ್ತಾಗಿ ಎತ್ತಿ ಬೇಲಿಯ ತನಕ ಹೊತ್ತೊಯ್ದು ನೆಲಕ್ಕೆ ಕೆಡವಿದರು. ಮೊದಲ ಸುತ್ತಿನಲ್ಲೇ ಕುತ್ತಿಗೆ ಬಿಗಿದು ಗೆದ್ದರು.

ಒಂದೇ ವರ್ಷದ ಈ ಎರಡು ಪಂದ್ಯಗಳು ಕಲಿಸುವ ಪಾಠ ದೊಡ್ಡದು. ಕೈಕಾಲು ಆಡಿಸಿ ಹೋರಾಡಿ ಕಲಿತದ್ದು ಆ ಮಟ್ಟದ ಕಣದಲ್ಲೂ ಕೈಹಿಡಿಯಿತು. ನೆಲಕ್ಕೆ ಬಿದ್ದ ಮೇಲಿನ ಕಾಳಗ ಚಿಮಾಯೆವ್‌ರಂಥ ಮಲ್ಲನ ಕಸುಬು. ಅಲ್ಲಿ ಲಿಗೆ ಉತ್ತರ ಸಿಗಲಿಲ್ಲ. ಸಾಂಡಾದಲ್ಲಿ ಎದುರಾಳಿ ಬಿದ್ದ ಕೂಡಲೇ ರೆಫರಿ ಬಿಡಿಸುತ್ತಾರೆ, ಜಿಯು-ಜಿತ್ಸುವಿನ ಕೆಲಸ ಶುರುವಾಗುವುದೇ ಅಲ್ಲಿಂದ.  ಹೋರಾಡಿಯೇ ಕಲಿತವರಿಗೂ ಇಂಥ ಮಿತಿಗಳಿರುವಾಗ, ಒಮ್ಮೆಯೂ ಹೋರಾಡದೆ ವರಸೆ ಮಾತ್ರ ಕಲಿತ ಹತ್ತು ವರ್ಷದ ಹುಡುಗಿಗೆ 'ನಿನ್ನನ್ನು ನೀನು ಕಾಪಾಡಿಕೊಳ್ಳಬಲ್ಲೆ' ಎಂದು ಭರವಸೆ ಕೊಡುವುದು ಅನ್ಯಾಯ. ಅವಳು ಆ ಭರವಸೆಯನ್ನು ನಂಬಿ ಓಡಬೇಕಾದ ಹೊತ್ತಿನಲ್ಲಿ ನಿಂತುಬಿಟ್ಟರೆ ಹೊಣೆ ಯಾರದು?

ಈ ಗೊಂದಲಕ್ಕೆ ಸಿನಿಮಾದ ಪಾಲು ದೊಡ್ಡದು. ತೆರೆಯ ಮೇಲೆ ಹತ್ತಾರು ಜನರನ್ನು ಹೊಡೆದುರುಳಿಸುವ ಜೆಟ್ ಲಿ ಬಂದದ್ದು ಬೀಜಿಂಗ್‌ನ ವುಶು ತಂಡದಿಂದ. ಅವರು ರಾಷ್ಟ್ರೀಯ ಚಾಂಪಿಯನ್ ಆದದ್ದು ತಾವೊಲುವಿನಲ್ಲಿ. 2017ರಲ್ಲಿ ಚೆಂಗ್ಡುವಿನಲ್ಲಿ ತೈಚಿ ಗುರು ವೇ ಲೇ ಅವರನ್ನು ಮಿಶ್ರ ಸಮರಕಲೆಯ ತರಬೇತುದಾರ ಶು ಶಿಯಾವೊದೊಂಗ್ ಅರ್ಧ ನಿಮಿಷದೊಳಗೆ ಕೆಡವಿದಾಗ ಇಡೀ ಚೀನಾ ಬೆಚ್ಚಿಬಿದ್ದದ್ದೂ, ವರಸೆ ಬಲ್ಲವನು ಕಾಳಗವನ್ನೂ ಬಲ್ಲ ಎಂಬ ಇದೇ ಭ್ರಮೆಯಿಂದ.

ನಮ್ಮ ಗರಡಿಮನೆಗಳಿಗೆ ಈ ಗೊಂದಲ ಎಂದೂ ಇರಲಿಲ್ಲ. ದಂಡ, ಬಸ್ಕಿ, ಗದೆ ತಿರುಗಿಸುವುದು ಎಲ್ಲ ಮೈ ಹದಗೊಳಿಸಲು. ಪಟ್ಟು ಬಂತೋ ಇಲ್ಲವೋ ಎಂಬುದು ಗೊತ್ತಾಗುತ್ತಿದ್ದದ್ದು ಕೆಮ್ಮಣ್ಣಿನ ಮೇಲೆ ಜೋಡಿಯೊಂದಿಗೆ ಸೆಣಸಿದಾಗಲೇ. ಸಾಮು ಚೆನ್ನಾಗಿ ಮಾಡಿದವನನ್ನು ಮೆಚ್ಚುತ್ತಿದ್ದರು, ಆದರೆ ಅಷ್ಟಕ್ಕೇ ಪೈಲ್ವಾನ್ ಎಂದು ಕರೆಯುತ್ತಿರಲಿಲ್ಲ.

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ. ಫೀಸು ಕಟ್ಟುವ ಮುನ್ನ ಒಂದು ಪೂರ್ತಿ ತರಗತಿಯನ್ನು ಕುಳಿತು ನೋಡಿ. ಮಕ್ಕಳು ತಮ್ಮ ತೂಕದ ಜೋಡಿಯೊಂದಿಗೆ, ರಕ್ಷಣಾ ಸಾಮಗ್ರಿ ಧರಿಸಿ, ಗುರುವಿನ ಕಣ್ಣೆದುರು ನಿಜವಾಗಿ ಸೆಣಸುತ್ತಾರೆಯೇ ಎಂದು ಕೇಳಿ. ಇಲ್ಲವಾದರೆ ಅದು ವ್ಯಾಯಾಮ ಮತ್ತು ಕಲೆ. ಮಗುವಿಗೆ ಇಷ್ಟವಿದ್ದರೆ ಖಂಡಿತ ಸೇರಿಸಿ, ಮನೆಯಲ್ಲಿ ಅದರ ನಿಜವಾದ ಹೆಸರು ಹೇಳಿಯೇ ಸೇರಿಸಿ. ತರಬೇತುದಾರರೂ ಜಾಹೀರಾತಿನಲ್ಲಿ 'ತಾವೊಲು ಪ್ರದರ್ಶನ ತರಬೇತಿ' ಎಂದು ಬರೆಯಲಿ. ರಾಜ್ಯೋತ್ಸವದ ವೇದಿಕೆಯಲ್ಲಿ ಮಕ್ಕಳಿಂದ ವರಸೆ ಮಾಡಿಸುವ ಸಂಘಗಳು ಅದನ್ನು ಕಲಾ ಪ್ರದರ್ಶನವೆಂದೇ ಕರೆಯಲಿ. ತಾವೊಲು ಕಲೆಯಾಗಿಯೇ ತಲೆಯೆತ್ತಿ ನಿಲ್ಲಬಲ್ಲದು, ಅದಕ್ಕೆ ಸುಳ್ಳು ಭರವಸೆಯ ಊರುಗೋಲು ಬೇಕಿಲ್ಲ.